ನಡುವಿನ ಅಕ್ಷರಗಳು

ಜೂನ್ 3, ಮಂಗಳವಾರ

ಚಿಕ್ಕಮ್ಮ ಇವತ್ತು ನನ್ನ ಕೈಗೆ ಒಂದು ಡಬ್ಬಿ ಕೊಟ್ಟಳು. ಡಬ್ಬಿ ಎನ್ನುವುದು ಅವಳ ಮಾತು. ಬೆರಳುದ್ದ ಇದೆ, ಕಪ್ಪಗಿದೆ, ಮೈಮೇಲೆ ಎರಡು ಗುಂಡಿ, ಉಗುರಿನಷ್ಟು ಅಗಲದ ಪರದೆ. ಅದರ ನಿಜವಾದ ಹೆಸರು ಹಾರ್ಡ್‌ವೇರ್ ವಾಲೆಟ್. ಅವಳು ಇಷ್ಟು ವರ್ಷ ಕನ್ನಡಕದ ಅಂಗಡಿಯಲ್ಲಿ ದುಡಿದು ಕೂಡಿಟ್ಟದ್ದೆಲ್ಲ ಕ್ರಿಪ್ಟೋ ನಾಣ್ಯವಾಗಿ ಅದರೊಳಗೆ ಇದೆಯಂತೆ. ಒಳಗೆ ಎಂದರೆ ಒಳಗೂ ಅಲ್ಲವಂತೆ. ದುಡ್ಡು ಇಂಟರ್ನೆಟ್ಟಿನಲ್ಲೆಲ್ಲೋ ಇದೆ, ಇದು ಬರೀ ಬೀಗದ ಕೈ.

"ಹಾಗಾದ್ರೆ ದುಡ್ಡು ಎಲ್ಲಿದೆ ಚಿಕ್ಕಮ್ಮ?"

"ಅದನ್ನ ಮಾತ್ರ ಕೇಳ್ಬೇಡ. ನಂಗೂ ಗೊತ್ತಿಲ್ಲ."

ವಿಷಯ ಇಷ್ಟು. ಅಂಗಡಿ ಇರುವ ಕಟ್ಟಡದ ಮಾಲೀಕರು ಅದನ್ನು ಮಾರುತ್ತಿದ್ದಾರೆ. ಪಕ್ಕದ ಬೇಕರಿಯವರು ನಮ್ಮ ಅಂಗಡಿಯ ಗೋಡೆ ಒಡೆದು ಒಲೆ ಇಡಲು ತುದಿಗಾಲಲ್ಲಿ ನಿಂತಿದ್ದಾರೆ. ಹಳೆಯ ಬಾಡಿಗೆದಾರಳು ಎಂಬ ದಾಕ್ಷಿಣ್ಯಕ್ಕೆ ಮಾಲೀಕರು ಚಿಕ್ಕಮ್ಮನಿಗೇ ಕೊಳ್ಳಲು ಈ ತಿಂಗಳ ಕೊನೆಯವರೆಗೆ ಗಡುವು ಕೊಟ್ಟು ಅಳಿಯನ ಊರಿಗೆ ಹೋಗಿದ್ದಾರೆ. ನಾಣ್ಯದ ಹುಚ್ಚು ಮೊದಲು ಹತ್ತಿದ್ದು ಅವರಿಗೆ, ಅವರಿಂದ ಚಿಕ್ಕಮ್ಮನಿಗೆ. "ನಾಣ್ಯದಲ್ಲೇ ಕಳಿಸಿಬಿಡಿ, ಬದಲಾಯಿಸೋ ರಗಳೆ ಬೇಡ" ಎಂದಿದ್ದಾರಂತೆ.

ಇಷ್ಟು ದೊಡ್ಡ ವಿಷಯವನ್ನು ನನಗೇಕೆ ಒಪ್ಪಿಸಿದೆ ಎಂದು ಕೇಳಿದೆ. "ಮನೇಲಿ ಓದಿದೋಳು ನೀನೊಬ್ಬಳೇ ಗುಬ್ಬಿ. ಇದರಲ್ಲಿ ಬರೀ ಓದೋದೇ ಇದೆ" ಅಂದಳು. ಸಾಹಿತ್ಯದ ಎಂ.ಎ.ಯಲ್ಲಿ ಇದಿರಲಿಲ್ಲ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ.

ನನ್ನ ಲ್ಯಾಪ್‌ಟಾಪಿಗೆ ಡಬ್ಬಿ ಸಿಕ್ಕಿಸಿ, ಅವಳು ಹೇಳಿದ, ಡಬ್ಬಿಯೊಡನೆ ಮಾತಾಡಿ ಲೆಕ್ಕ ತೋರಿಸುವ ವೆಬ್ ವಾಲೆಟ್ ಪುಟ ತೆರೆದೆ. ಡಬ್ಬಿಯ ಪರದೆ ಬೆಳಗಿತು. ಪುಟ ಮಾತ್ರ ‘ಸಾಧನ ಸಿಗುತ್ತಿಲ್ಲ, ಮತ್ತೆ ಪ್ರಯತ್ನಿಸಿ’ ಅಂದಿತು. ಮತ್ತೆ ಪ್ರಯತ್ನಿಸಿದೆ. ಸಂಜೆಯವರೆಗೂ ಅದು ಹಾಗೇ ಅನ್ನುತ್ತಿತ್ತು, ನಾನೂ ಹಾಗೇ ಪ್ರಯತ್ನಿಸುತ್ತಿದ್ದೆ.

ಜೂನ್ 5, ಗುರುವಾರ

ಡಬ್ಬಿಗೆ ಜೀವವಿದೆ, ಲ್ಯಾಪ್‌ಟಾಪಿಗೂ ಜೀವವಿದೆ, ಇಬ್ಬರ ನಡುವೆ ಮಾತಿಲ್ಲ. ಯಾರ ತಪ್ಪೋ ತಿಳಿಯದು.

ಎದುರು ಸಾಲಿನ ಮೊಬೈಲ್ ಅಂಗಡಿಯವನನ್ನು ಎಲ್ಲರೂ ಮೊಬೈಲಣ್ಣ ಅನ್ನುತ್ತಾರೆ. ಅವನನ್ನು ಕೇಳೋಣವೆಂದು ಹೋದೆ. ಏನು ಹೇಳಬೇಕೆಂದು ಮೊದಲೇ ಮನಸ್ಸಿನಲ್ಲಿ ಸಾಲು ಜೋಡಿಸಿಕೊಂಡಿದ್ದೆ. ಅಲ್ಲಿ ಮೂವರು ಗಿರಾಕಿಗಳು ನಿಂತಿದ್ದರು. ನಾನು ಮೊಬೈಲ್ ಕವರುಗಳನ್ನು ನೋಡುವವಳಂತೆ ಸ್ವಲ್ಪ ಹೊತ್ತು ನಿಂತು ಹಿಂದಿರುಗಿದೆ. ಹಳದಿ ಬಣ್ಣದ ಒಂದು ಕವರ್ ಚೆನ್ನಾಗಿತ್ತು. ಅದಕ್ಕೆ ಹೊಂದುವ ಫೋನ್ ನನ್ನ ಬಳಿ ಇಲ್ಲ.

ಜೂನ್ 6, ಶುಕ್ರವಾರ

ಕೇಬಲ್ಲಿನ ತಪ್ಪು! ಡಬ್ಬಿಯ ಜೊತೆ ಬಂದದ್ದು ಎಂದೋ ಕಳೆದುಹೋಗಿ, ಚಿಕ್ಕಮ್ಮ ಡ್ರಾಯರಿನಿಂದ ಕೊಟ್ಟದ್ದು ಯಾವುದೋ ದೀಪದ ಕೇಬಲ್. ಕೆಲವು ಕೇಬಲ್ಲುಗಳು ಕರೆಂಟ್ ಮಾತ್ರ ಒಯ್ಯುತ್ತವೆ, ಸುದ್ದಿ ಒಯ್ಯುವುದಿಲ್ಲ ಎಂದು ಡಬ್ಬಿಯ ಕಂಪನಿಯ ಸೂಚನೆಗಳಲ್ಲಿ ಓದಿದೆ. ನನ್ನ ಹಳೆಯ ಕ್ಯಾಮೆರಾದ ಕೇಬಲ್ ಹಾಕಿದಾಗ ಲ್ಯಾಪ್‌ಟಾಪ್ ‘ಟಿಂಗ್’ ಅಂದಿತು.

"ಅಂದ್ರೆ ಇಷ್ಟು ದಿನ ಊಟ ಹಾಕ್ತಿದ್ವಿ, ಮಾತಾಡಿಸ್ತಿರ್ಲಿಲ್ಲ ಅನ್ನು" ಅಂದಳು ಚಿಕ್ಕಮ್ಮ. "ನಮ್ಮ ಯಜಮಾನರಿದ್ದಾಗ ನಂಗೂ ಹಾಗೇ ಇತ್ತು."

ಚಿಕ್ಕಪ್ಪ ತೀರಿಕೊಂಡ ಮೇಲೆ ಅವರ ಬಗ್ಗೆ ಅವಳು ಆಡುವುದೆಲ್ಲ ಇಂಥ ಮಾತೇ. ನಗಬೇಕೋ ಬೇಡವೋ ಗೊತ್ತಾಗುವುದಿಲ್ಲ.

ಆದರೆ ಪುಟ ಈಗಲೂ ‘ಸಾಧನ ಸಿಗುತ್ತಿಲ್ಲ’ ಅನ್ನುತ್ತಿದೆ.

ಜೂನ್ 9, ಸೋಮವಾರ

ನಾನು ಬಳಸುವ ಬ್ರೌಸರ್ ಇಂಥ ಡಬ್ಬಿಗಳೊಡನೆ ಮಾತಾಡುವ ಜಾತಿಯದ್ದಲ್ಲವಂತೆ. ಬೇರೆಯದನ್ನು ಹಾಕಿಕೊಂಡೆ. ಅದು ಅನುಮತಿ ಕೇಳುವ ಪುಟ್ಟ ಕಿಟಕಿಯೊಂದನ್ನು ತೆರೆದು, ದೊಡ್ಡ ಕಿಟಕಿಯ ಬೆನ್ನಹಿಂದೆ ಅಡಗಿಸಿಟ್ಟಿತ್ತು. ಅದು ಕೇಳುತ್ತಲೇ ಇದೆ, ನಾನು ಕಾಯುತ್ತಲೇ ಇದ್ದೇನೆ. ಅರ್ಧ ದಿನ ಹೀಗೇ ಹೋಯಿತು. ಅನುಮತಿ ಕೊಟ್ಟ ಮೇಲೆ ಹೊಸ ತಕರಾರು: ‘ಸಾಧನವನ್ನು ಬೇರೊಂದು ಪ್ರೋಗ್ರಾಂ ಬಳಸುತ್ತಿದೆ.’

ಅಷ್ಟರಲ್ಲಿ ಮೊಬೈಲಣ್ಣನೇ ಕನ್ನಡಕದ ಕಾಲು ಸರಿಮಾಡಿಸಲು ಬಂದ. ಚಿಕ್ಕಮ್ಮ ಅವನಿಗೆ ಎಲ್ಲ ಹೇಳಿಬಿಟ್ಟಳು.

"ಆಫ್ ಮಾಡಿ ಆನ್ ಮಾಡಿದ್ರಾ?" ಅಂದ.

"ಮಾಡಿದೀವಿ."

"ಹಾಗಾದ್ರೆ ಇನ್ನೊಂದು ಸಲ ಮಾಡಿ."

ಅವನು ಡಾಕ್ಟರಾಗಿದ್ದರೆ ಜ್ವರಕ್ಕೂ ಮುರಿದ ಮೂಳೆಗೂ ಅದೇ ಚೀಟಿ ಬರೆಯುತ್ತಿದ್ದ ಎಂದು ಅವನು ಹೋದ ಮೇಲೆ ನಗುತ್ತಾ ಚಿಕ್ಕಮ್ಮನಿಗೆ ಹೇಳಿದೆ. ಅವನಿರುವಾಗ ಹೇಳಲಾಗಲಿಲ್ಲ.

ಬೇರೊಂದು ಪ್ರೋಗ್ರಾಂ ಯಾವುದು ಎಂದು ಹುಡುಕಿದೆ. ಶನಿವಾರ ನಾನೇ ಹಾಕಿದ್ದ, ಡಬ್ಬಿಯ ಕಂಪನಿಯದೇ ಪ್ರೋಗ್ರಾಂ! ಡಬ್ಬಿ ಒಂದು ಹೊತ್ತಿಗೆ ಒಬ್ಬರೊಡನೆ ಮಾತ್ರ ಮಾತಾಡುತ್ತದೆ. ಈ ಒಂದು ವಿಷಯ ನನಗೆ ಪೂರ್ತಿ ಅರ್ಥವಾಯಿತು. ನನ್ನದೂ ಅದೇ ಸ್ವಭಾವ.

ಜೂನ್ 10, ಮಂಗಳವಾರ

ಸಂಪರ್ಕ ಆಯಿತು. ಚಿಕ್ಕಮ್ಮ ಡಬ್ಬಿಯ ಗುಂಡಿಗಳಿಂದ ಪಿನ್ ಒತ್ತಿದಳು. ಆಮೇಲೆ ಅದು ಇನ್ನೊಂದು ಗುಟ್ಟಿನ ಪದ ಕೇಳಿತು. ಅದನ್ನೂ ಅಕ್ಷರ ಅಕ್ಷರವಾಗಿ ಒತ್ತಿದಳು. ನಾನು ಮರ್ಯಾದೆಗೆ ಬೀದಿಯ ಕಡೆ ನೋಡುತ್ತಿದ್ದೆ. ಎಲ್ಲಿಯೂ ತಪ್ಪು ಎಂದು ಬರಲಿಲ್ಲ. ಪುಟ ಹಸಿರು ಬಣ್ಣದಲ್ಲಿ ‘ಸ್ವಾಗತ’ ಅಂದಿತು.

ಕೆಳಗೆ ಮೊತ್ತ: ಸೊನ್ನೆ.

ಪುಟ ಇನ್ನೂ ಪೂರ್ತಿ ಬಂದಿಲ್ಲವೇನೋ ಎಂದು ಕಾದೆವು. ಮತ್ತೆ ಮೊದಲಿನಿಂದ ಮಾಡಿದೆವು. ಅದೇ ಸ್ವಾಗತ, ಅದೇ ಸೊನ್ನೆ.

ಚಿಕ್ಕಮ್ಮ ಡಬ್ಬಿಯನ್ನು ಕನ್ನಡಕ ಒರೆಸುವ ಬಟ್ಟೆಯಿಂದ ಒರೆಸಿದಳು, ಕೊಳೆಯಿಂದಾಗಿ ಹಾಗೆ ಕಾಣುತ್ತಿದೆಯೇನೋ ಎಂಬಂತೆ.

ಜೂನ್ 11, ಬುಧವಾರ

ಒಂದು ವಾರದಿಂದ ನಾನು ಏನೇನೋ ಒತ್ತಿದ್ದೇನೆ. ಯಾವುದಕ್ಕೆ ‘ಸರಿ’ ಅಂದೆ, ಯಾವುದಕ್ಕೆ ‘ಒಪ್ಪಿಗೆ’ ಅಂದೆ, ಒಂದೂ ನೆನಪಿಲ್ಲ.

ಜೂನ್ 13, ಶುಕ್ರವಾರ

ಬರೆಯಲು ಏನೂ ಇಲ್ಲ. ಊಟಕ್ಕೆ ಕೂತಾಗ ಚಿಕ್ಕಮ್ಮ ಉಪ್ಪಿನ ಡಬ್ಬಿ ಕೇಳಿದಳು. ‘ಡಬ್ಬಿ’ ಎಂಬ ಪದ ಕೇಳಿದ್ದೇ ನಾನು ಸಾರಿನ ಸೌಟು ಎತ್ತಿ ಕೊಟ್ಟೆ. ಅವಳು ನೋಡಿದಳು. ನಾನು ಕದ್ದಿದ್ದೇನೆಂದು ಅವಳು ಅಂದುಕೊಂಡಿಲ್ಲ. ಕಳೆದಿದ್ದೇನೆಂದು ಅಂದುಕೊಂಡಿದ್ದಾಳೆ. ನಾನೂ ಹಾಗೇ ಅಂದುಕೊಂಡಿದ್ದೇನೆ.

ಜೂನ್ 16, ಸೋಮವಾರ

ತಲೆ ಕಲಸುಮೇಲೋಗರವಾಗಿದೆ. ನಡೆದದ್ದನ್ನು ಕ್ರಮವಾಗಿ ಬರೆಯಲು ಪ್ರಯತ್ನಿಸುತ್ತೇನೆ.

ಬೆಳಿಗ್ಗೆ ಸಿದ್ಧವಾದ ಕನ್ನಡಕಗಳನ್ನು ಮನೆ ಮನೆಗೆ ಕೊಟ್ಟು ಅಂಗಡಿಗೆ ಬಂದೆ. ಪರೀಕ್ಷೆಯ ಕುರ್ಚಿಯಲ್ಲಿ ಒಬ್ಬ ದಪ್ಪ ಗಿರಾಕಿ, ಮೂಗಿನ ಮೇಲೆ ಗಾಜು ಬದಲಾಯಿಸುವ ಕಬ್ಬಿಣದ ಚೌಕಟ್ಟು ಹೊತ್ತು ಕಾಯುತ್ತಿದ್ದರು. ಚಿಕ್ಕಮ್ಮ ಅವರನ್ನು ಅಲ್ಲೇ ಬಿಟ್ಟು ನನ್ನ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು.

"ಯಾರ ಜೊತೆ ಮಾತು ಚಿಕ್ಕಮ್ಮ?"

"ಸಹಾಯ ಕೇಂದ್ರದೋರು ಕಣೇ. ನಾನೇ ಹುಡುಕಿ ಹಿಡಿದೆ. ಎಷ್ಟು ಮರ್ಯಾದೆ ಗೊತ್ತಾ? ಸಾಲಿಗೊಂದು ‘ಮೇಡಂ’ ಅಂತಾರೆ. ಸಂಪರ್ಕ ಸರಿ ಮಾಡೋ ಪ್ರೋಗ್ರಾಂ ಕಳಿಸಿದ್ರು, ಹಾಕ್ಕೊಂಡೆ. ಇನ್ನು ಆ ಇಪ್ಪತ್ನಾಲ್ಕು ಪದ ಹಾಕಿದ್ರೆ ದುಡ್ಡು ವಾಪಸ್ ಬರುತ್ತಂತೆ."

ಇಪ್ಪತ್ನಾಲ್ಕು ಪದಗಳೆಂದರೆ ಡಬ್ಬಿ ಕಳೆದುಹೋದರೂ ದುಡ್ಡನ್ನು ಮರಳಿ ಪಡೆಯಲು ಇರುವ ಪದಗಳು. ಅವು ಸಿಕ್ಕವನಿಗೆ ಡಬ್ಬಿಯೇ ಬೇಡ. ಡಬ್ಬಿಯ ಜೊತೆ ಬಂದಿದ್ದ ಚೀಟಿಯಲ್ಲಿ ಇದನ್ನು ಓದಿದ್ದೆ: ಈ ಪದಗಳನ್ನು ಯಾರಿಗೂ ಹೇಳಬೇಡಿ, ಎಲ್ಲಿಯೂ ಟೈಪ್ ಮಾಡಬೇಡಿ, ನಮಗೂ ಕೂಡ ಕೊಡಬೇಡಿ. ಚಿಕ್ಕಮ್ಮ ಮನೆಯ ಬೀರುವಿನಿಂದ ಆ ಕಾಗದ ತಂದು ತೊಡೆಯ ಮೇಲೆ ಬಿಡಿಸಿಕೊಂಡಿದ್ದಳು. ಬೆರಳು ಮೊದಲ ಅಕ್ಷರದ ಮೇಲಿತ್ತು.

"ಕೈ ತೆಗಿ!" ಎಂಬ ಕೂಗು ಕೇಳಿತು.

ಕುರ್ಚಿಯ ಗಿರಾಕಿ ಎರಡೂ ಕೈ ಮೇಲೆತ್ತಿದರು. ಬೇಕರಿಯ ಹುಡುಗಿ ಬಾಗಿಲಿಗೆ ಬಂದು ಇಣುಕಿದಳು. ನಾನು ಲ್ಯಾಪ್‌ಟಾಪನ್ನು ಮುಚ್ಚಿಬಿಟ್ಟಿದ್ದೆ.

ಗಿರಾಕಿಯನ್ನು ಕಳಿಸಿದ ಮೇಲೆ ಚಿಕ್ಕಮ್ಮನ ಸರದಿ. "ಕಂಡೋರ ಮುಂದೆ ಮಾನ ತೆಗೆದೆಯಲ್ಲೇ!"

"ಅವನು ಕಳ್ಳ ಚಿಕ್ಕಮ್ಮ."

"ಕಳ್ಳನೇ ಇರ್ಲಿ. ಕದಿಯೋಕೆ ಏನಿದೆ ಅಲ್ಲಿ? ಸೊನ್ನೆ. ಅದು ಹೇಗೆ ಸೊನ್ನೆ ಆಯ್ತು ಅಂತ ನಿಂಗೇ ಗೊತ್ತಿರ್ಬೇಕು."

ಕೊನೆಗೂ ಆ ಮಾತು ಬಂತು. ಲ್ಯಾಪ್‌ಟಾಪನ್ನು ಮತ್ತೆ ತೆರೆದೆ. ಆ ಮನುಷ್ಯ ಕಳಿಸಿದ್ದ ಪ್ರೋಗ್ರಾಮಿನ ಚಿತ್ರ ಪರದೆಯ ಮೇಲೆ ಇತ್ತು. ಅದನ್ನು ಎಳೆದು ಕಸದ ಬುಟ್ಟಿಗೆ ಹಾಕಿದೆ.

ಸಂಜೆಯಿಂದ ಗಂಟಲು ನೋಯುತ್ತಿದೆ. ಹವೆ ಬದಲಾಗಿದೆ ಅನಿಸುತ್ತದೆ.

ಜೂನ್ 19, ಗುರುವಾರ

ಕಂಪನಿಯ ಸೂಚನೆಗಳನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಿದ್ದೇನೆ. ಓದುವುದೊಂದು ಬಿಟ್ಟರೆ ಮಾಡಲು ಏನೂ ಉಳಿದಿಲ್ಲ. ಶೈಲಿ ಬಹಳ ಕೆಟ್ಟದ್ದು. ಕರ್ತೃವೇ ಸಿಗದ ವಾಕ್ಯಗಳು.

ಇವತ್ತು ಒಂದು ಕಡೆ ನಿಂತುಬಿಟ್ಟೆ. ಪಿನ್ ತಪ್ಪಾದರೆ ಡಬ್ಬಿ ‘ತಪ್ಪು’ ಅನ್ನುತ್ತದೆ. ಆದರೆ ಆಮೇಲೆ ಕೇಳುವ ಆ ಗುಟ್ಟಿನ ಪದಕ್ಕೆ ತಪ್ಪು ಎಂಬುದೇ ಇಲ್ಲವಂತೆ! ಯಾವ ಪದ ಕೊಟ್ಟರೂ ಆ ಪದದ್ದೇ ಒಂದು ವಾಲೆಟ್ ತೆರೆದುಕೊಳ್ಳುತ್ತದೆ. ನಾವು ಮೊದಲು ದುಡ್ಡಿಟ್ಟ ಪದದ ವಾಲೆಟ್ಟಿನಲ್ಲಿ ದುಡ್ಡು ಇರುತ್ತದೆ, ಉಳಿದವೆಲ್ಲ ಖಾಲಿ.

ನಾಲ್ಕು ಸಲ ಓದಿದೆ. ಆದರೂ ನಂಬಿಕೆ ಬರಲಿಲ್ಲ. ಚಿಕ್ಕಮ್ಮ ಡಬ್ಬಿಗೆ ಪಿನ್ ಹಾಕಿ ಕೊಟ್ಟು ಗಿರಾಕಿಯ ಬಳಿ ಹೋದಾಗ ‘ಗುಬ್ಬಿ’ ಎಂದು ಒತ್ತಿದೆ. ಸ್ವಾಗತ. ಸೊನ್ನೆ. ‘ಕೊಡೆ’ ಎಂದು ಒತ್ತಿದೆ. ಸ್ವಾಗತ. ಸೊನ್ನೆ. ‘ಯಾರೂ ಇಲ್ಲ’ ಎಂದು ಒತ್ತಿದೆ. ಅಲ್ಲೂ ನನ್ನನ್ನು ಸ್ವಾಗತಿಸಿದರು.

ಇದೆಂಥ ಊರು! ಯಾವ ಬಾಗಿಲು ತಟ್ಟಿದರೂ ತೆಗೆಯುತ್ತಾರೆ, ಯಾವ ಮನೆಯಲ್ಲೂ ಜನರಿಲ್ಲ. ‘ತಪ್ಪು’ ಎಂದು ಒಬ್ಬರಾದರೂ ಗದರಿಸಿದ್ದರೆ ಎಷ್ಟು ಹಗುರವಾಗುತ್ತಿತ್ತು.

ಜೂನ್ 20, ಶುಕ್ರವಾರ

"ಚಿಕ್ಕಮ್ಮ, ನೀನು ಆ ಗುಟ್ಟಿನ ಪದ ಸರಿಯಾಗಿ ಒತ್ತಿದೀಯಾ?"

"ತಪ್ಪಾಗಿದ್ರೆ ಅದೇ ಹೇಳ್ತಿತ್ತು."

"ಹೇಳಲ್ಲ. ಬೇರೆ ಮನೆ ಬಾಗಿಲು ತೆಗೆದು ಸುಮ್ನೆ ಕೂರುತ್ತೆ."

ಅರ್ಥ ಮಾಡಿಸಲು ಬಹಳ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳು ನಕ್ಕಳು. "ನನ್ನ ಪದ ಮರೆಯೋಕೇ ಆಗಲ್ಲ ಕಣೇ. ಅದಕ್ಕೇ ಅದನ್ನ ಇಟ್ಟಿದ್ದು. ಯಾರೂ ನೋಡದಿರೋ ಪದ ಇಡಿ ಅಂದ್ರು ಮಾಲೀಕರ ಅಳಿಯ. ನಾನು ಎಲ್ಲರೂ ನೋಡೋದನ್ನೇ ಇಟ್ಟೆ." ಕಣ್ಣಿನಲ್ಲೇ ಎದುರು ಗೋಡೆ ತೋರಿಸಿದಳು.

ಕಣ್ಣು ಪರೀಕ್ಷೆಯ ಅಕ್ಷರಪಟ. ಅದರ ಕೊನೆಯ ಸಾಲು. ದಿನಕ್ಕೆ ಹತ್ತಾರು ಜನ ಅದನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳುತ್ತಾರೆ. ಗುಟ್ಟನ್ನು ಇಡಲು ಇದಕ್ಕಿಂತ ವಿಚಿತ್ರ ಜಾಗ ಈ ಲೋಕದಲ್ಲಿ ಇರಲಾರದು.

ಅದು ದೀಪದ ಪೆಟ್ಟಿಗೆಯ ಪಟ, ಗೋಡೆಯ ಉಳಿದ ವಸ್ತುಗಳಿಗಿಂತ ಹೊಸದು. "ಇದನ್ನ ಯಾವಾಗ ತಗೊಂಡಿದ್ದು?" ಎಂದೆ.

"ಹೋದ ವರ್ಷ. ಆ ಪದ ಇಟ್ಟಾಗ ಇದ್ದಿದ್ದು ರಟ್ಟಿಂದು, ಹಳದಿಯಾಗಿತ್ತು..." ಎಂದವಳು ನಿಂತಳು. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟಳು. "ಎಲ್ಲ ಪಟಾನೂ ಒಂದೇ ಅಲ್ವೇನೇ?"

"ಒಂದೇ ಆದ್ರೆ ನೀನು ಯಾಕೆ ಬದಲಾಯಿಸಿದೆ?"

"ಬಂದೋರಿಗೆಲ್ಲ ಬಾಯಿಪಾಠ ಆಗಿತ್ತು ಅಂತ!"

ಅವಳಿಗೆ ಮಾತ್ರ ಆಗಿರಲಿಲ್ಲ. ಅವಳು ಇಷ್ಟು ವರ್ಷ ಪಟದ ಪಕ್ಕದಲ್ಲಿ ನಿಂತು ಜನರ ಮುಖ ನೋಡಿದ್ದಾಳೆಯೇ ಹೊರತು ಪಟವನ್ನು ನೋಡಿಲ್ಲ.

ಹಳೆಯದು ಎಲ್ಲಿ ಎಂದರೆ, ವಾಹನ ಪರವಾನಗಿ ಕಚೇರಿಗೆ ಕೊಟ್ಟಳಂತೆ. ಅಲ್ಲಿ ಚಾಲಕರ ದೃಷ್ಟಿ ಪರೀಕ್ಷೆಗೆ ಬೇಕಿತ್ತಂತೆ.

ಜೂನ್ 23, ಸೋಮವಾರ

ಪರವಾನಗಿ ಕಚೇರಿಯಲ್ಲಿ ಉದ್ದನೆಯ ಸಾಲು. ಒಬ್ಬೊಬ್ಬರೇ ನೆಲದ ಬಿಳಿ ಗೆರೆಯ ಮೇಲೆ ನಿಂತು ಎದುರು ಗೋಡೆಯ ಪಟ ಓದಬೇಕು. ಮೇಜಿನ ಹಿಂದಿನ ಗುಮಾಸ್ತೆ ಪೆನ್ನಿನಿಂದ ಗೀಟು ಹಾಕುತ್ತಾಳೆ. ಹಳದಿ ರಟ್ಟು, ಮೂಲೆಯಲ್ಲಿ ಚಿಕ್ಕಮ್ಮನ ಅಂಗಡಿಯ ಮೊಹರು. ಅದೇ.

ಗೆರೆಯ ಮೇಲೆ ನಿಂತೆ. ಕೊನೆಯ ಸಾಲು ಇರುವೆ ಸಾಲಿನ ಹಾಗೆ ಕಂಡಿತು.

"ಇನ್ನೂ ಸ್ವಲ್ಪ ಹತ್ತಿರ ಹೋಗ್ಬಹುದಾ?" ಎಂದೆ.

"ಹತ್ತಿರ ಹೋದ್ರೆ ಎಲ್ಲರೂ ಓದ್ತಾರಮ್ಮ. ನಿಮ್ಮ ಅರ್ಜಿ ಎಲ್ಲಿ?"

"ಅರ್ಜಿ ಇಲ್ಲ. ನಂಗೆ ಗಾಡಿ ಓಡಿಸೋಕೆ ಬರಲ್ಲ."

"ಮತ್ತೆ ಇಲ್ಲಿಗೆ ಯಾಕೆ ಬಂದ್ರಿ?"

"ಓದೋಕೆ."

ಸಾಲಿನಲ್ಲಿದ್ದವರು ನಕ್ಕರು. ಗುಟ್ಟು ಹೇಳುವಂತಿಲ್ಲ, ಸುಳ್ಳು ನನಗೆ ಹೊಳೆಯುವುದಿಲ್ಲ. "ಈ ಪಟ ನಮ್ಮ ಚಿಕ್ಕಮ್ಮ ಕೊಟ್ಟಿದ್ದು, ಮೊಹರು ನೋಡಿ. ಅದರ ಕೊನೇ ಸಾಲು ನಮಗೆ ಬೇಕಾಗಿದೆ. ಓದ್ಕೊಂಡು ಹೋಗ್ತೀನಿ, ನಿಮ್ಮ ಕೆಲಸ ಒಂದು ನಿಮಿಷ ನಿಲ್ಲುತ್ತೆ ಅಷ್ಟೇ" ಎಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಪೆನ್ನಿನಿಂದ ಪಟದ ಕಡೆ ಸನ್ನೆ ಮಾಡಿದಳು.

ಪಟಕ್ಕೆ ಮೂಗು ತಾಗುವಷ್ಟು ಹತ್ತಿರ ನಿಂತು, ತುಟಿ ಅಲ್ಲಾಡಿಸುತ್ತ ಓದಿಕೊಂಡೆ.

"ಮೇಡಂ, ಬಾಯಿಪಾಠ ಹೊಡೀತಿದಾಳೆ, ಹಿಡೀರಿ!" ಎಂದು ಹಿಂದಿನಿಂದ ಯಾರೋ ಕೂಗಿದರು.

"ನೀವೂ ಬಂದು ಹೊಡ್ಕೊಳ್ಳಿ, ಯಾರು ಬೇಡ ಅಂದ್ರು?" ಎಂಬ ಮಾತು ಬಾಯಿಂದ ಬಂದುಬಿಟ್ಟಿತು.

ಅಕ್ಷರಗಳನ್ನು ಇಲ್ಲಿ ಬರೆಯುವುದಿಲ್ಲ. ಅಂಗಡಿ ಮುಟ್ಟುವವರೆಗೆ ಅವನ್ನೇ ಗುನುಗುತ್ತಿದ್ದೆ. ದಾರಿಯಲ್ಲಿ ಪರಿಚಯದವರು ಮಾತಾಡಿಸಿದರೂ ನಿಲ್ಲಲಿಲ್ಲ. ಸೊಕ್ಕು ಅಂದುಕೊಂಡಿರಬೇಕು.

ಚಿಕ್ಕಮ್ಮ ಒತ್ತಿದಳು. ಸ್ವಾಗತ.

ಎಲ್ಲವೂ ಇದೆ. ಅವಳು ಇಟ್ಟದ್ದು ಇಟ್ಟ ಹಾಗೇ ಇದೆ, ಇನ್ನೂ ಬೆಳೆದಿದೆ. ನಾನು ಕಳೆದಿರಲಿಲ್ಲ. ಯಾರೂ ಕಳೆದಿರಲಿಲ್ಲ.

ಚಿಕ್ಕಮ್ಮ ನನ್ನ ಮುಖದಿಂದ ಕನ್ನಡಕ ಕಿತ್ತುಕೊಂಡು, ಅದರ ತಿರುಪುಗಳನ್ನು ಬಿಗಿ ಮಾಡತೊಡಗಿದಳು. "ಇಷ್ಟು ಸಡಿಲ ಆಗಿದೆ, ಒಂದು ಮಾತು ಹೇಳ್ಬಾರ್ದಾ? ನನ್ನನ್ನ ಏನು ಪರಕೀಯಳು ಅಂದ್ಕೊಂಡಿದೀಯಾ?" ಎಂದು ಬೈದಳು. ಕನ್ನಡಕವಿಲ್ಲದ್ದರಿಂದ ಅವಳ ಮುಖ ಹೇಗಿತ್ತೆಂದು ನನಗೆ ಕಾಣಲಿಲ್ಲ.

ಜೂನ್ 28, ಶನಿವಾರ

ಮಾಲೀಕರು ಊರಿಂದ ಬಂದರು. ಎಲ್ಲ ಸುಲಭವಾಗಿ ಮುಗಿಯುತ್ತದೆಂದು ನಾನು ತಿಳಿದಿದ್ದೆ.

ಅಂಗಡಿಯ ಮೇಜಿನ ಒಂದು ಬದಿ ಅವರು, ಒಂದು ಬದಿ ಚಿಕ್ಕಮ್ಮ, ನಡುವೆ ಲ್ಯಾಪ್‌ಟಾಪ್ ಮತ್ತು ನಾನು. ಅವರ ವಾಲೆಟ್ಟಿನ ವಿಳಾಸ ಎಂದರೆ ಅಕ್ಷರಗಳೂ ಅಂಕಿಗಳೂ ಬೆರೆತ, ಅರ್ಥವಿಲ್ಲದ ಒಂದು ಉದ್ದ ಸಾಲು. ಅವರು ಅದನ್ನು ನನಗೆ ಮೇಲ್ ಮಾಡಿದರು. ಅದನ್ನು ನಕಲಿಸಿ ಪುಟದಲ್ಲಿ ಅಂಟಿಸಿದೆ. ಈಗ ಡಬ್ಬಿಯ ಪರದೆಯಲ್ಲಿ ವಿಳಾಸ ತುಂಡು ತುಂಡಾಗಿ ಓಡತೊಡಗಿತು. ಸರಿಯಾಗಿದ್ದರೆ ಎರಡೂ ಗುಂಡಿ ಒತ್ತಬೇಕು. ಒತ್ತಿದ ಮೇಲೆ ಹೋದದ್ದು ಹೋಯಿತು, ಹಿಂದಕ್ಕೆ ಕರೆಯಲು ಆ ಬ್ರಹ್ಮನಿಂದಲೂ ಆಗದು.

"ಮೊದಲ ನಾಲ್ಕು ಅಕ್ಷರ, ಕೊನೇ ನಾಲ್ಕು ನೋಡಿ ಸಾಕು. ನನ್ನ ಅಳಿಯ ಹಾಗೇ ಮಾಡೋದು" ಅಂದರು ಮಾಲೀಕರು.

ಮೊದಲ ನಾಲ್ಕು ಓದಿದೆ. ಅವರು ತಮ್ಮ ಫೋನ್ ನೋಡಿ "ಸರಿ" ಅಂದರು. ಕೊನೆಯ ನಾಲ್ಕು ಓದಿದೆ. "ಸರಿ. ಒತ್ತಿ."

ಚಿಕ್ಕಮ್ಮನ ಹೆಬ್ಬೆರಳುಗಳು ಗುಂಡಿಗಳ ಮೇಲಿದ್ದವು.

"ತಾಳು ಚಿಕ್ಕಮ್ಮ. ನಡುವಿಂದು ಓದ್ತೀನಿ."

"ಅಯ್ಯೋ, ನಡುವಿಂದನ್ನ ಯಾರಮ್ಮ ಓದ್ತಾರೆ?"

"ನಾನು ಓದ್ತೀನಿ. ನೀವು ಫೋನ್ ನೋಡ್ತಾ ಇರಿ."

ಮೊದಲನೆಯ ತುಂಡು ಮುಗಿಸಿ ಎರಡನೆಯದಕ್ಕೆ ಬಂದೆ. ಮೂರು ಎಂದು ಓದಿದೆ.

"ಮೂರಲ್ಲ, ಒಂಬತ್ತು" ಅಂದರು ಮಾಲೀಕರು.

"ಇಲ್ಲಿರೋದು ಮೂರು."

"ಆಮೇಲೆ?"

ಓದಿದೆ. ಒಂದೂ ಹೊಂದಲಿಲ್ಲ. ತಲೆ ಬಾಲ ಅವರದು, ಹೊಟ್ಟೆ ಯಾರದೋ.

"ಎಲ್ಲೋ ತಪ್ಪು ಓದ್ತಿದೀಯ ಮಗೂ. ಕಣ್ಣು ಸರಿ ಇದೆ ತಾನೇ?"

"ಕನ್ನಡಕದ ಅಂಗಡೀಲಿ ಕೂತು ಆ ಮಾತು ಆಡ್ಬೇಡಿ ಸಾರ್. ನಾನು ಓದಿದ್ದು ಸರಿ ಇದೆ. ಚಿಕ್ಕಮ್ಮ, ಕೈ ಹಿಂದಕ್ಕೆ ತಗೋ."

ಅವಳು ತಕ್ಷಣ ತೆಗೆದಳು.

ಡಬ್ಬಿಯಲ್ಲಿ ಬೇಡ ಎಂದು ಒತ್ತಿಸಿ, ಮಾಲೀಕರ ವಿಳಾಸವನ್ನು ಮತ್ತೊಮ್ಮೆ ನಕಲಿಸಿ ಈ ಸಲ ಖಾಲಿ ಹಾಳೆಯೊಂದರಲ್ಲಿ ಅಂಟಿಸಿ ನೋಡಿದೆ. ಅಲ್ಲೂ ಅದೇ. ನಾನು ಎತ್ತಿಕೊಂಡದ್ದು ಒಂದು, ಲ್ಯಾಪ್‌ಟಾಪ್ ಇಳಿಸಿದ್ದು ಇನ್ನೊಂದು. ನನ್ನ ಕಣ್ಣೆದುರಿಗೇ, ನನ್ನದೇ ಯಂತ್ರ. ಆ ‘ಮೇಡಂ’ ಮನುಷ್ಯನ ಪ್ರೋಗ್ರಾಂ! ಚಿತ್ರವನ್ನು ಕಸಕ್ಕೆ ಹಾಕಿದರೆ ಪ್ರೋಗ್ರಾಂ ಹೋಗುವುದಿಲ್ಲವಂತೆ. ಮನೆಯ ಬೋರ್ಡು ಕಿತ್ತರೆ ಒಳಗಿನವರು ಹೋಗುವುದಿಲ್ಲವಲ್ಲ, ಹಾಗೆ. ಅದು ಎರಡು ವಾರ ಒಳಗೆ ಕೂತು, ನಾವು ಯಾರಿಗಾದರೂ ಕಳಿಸುವುದನ್ನೇ ಕಾಯುತ್ತಿತ್ತು. ಮಾಲೀಕರ ವಿಳಾಸದಂತೆಯೇ ಮೊದಲಾಗಿ, ಅದರಂತೆಯೇ ಕೊನೆಯಾಗುವ ತನ್ನ ವಿಳಾಸವೊಂದನ್ನು ಹುಡುಕಿ ಇಟ್ಟಿತು. ಎಲ್ಲರೂ ತುದಿಗಳನ್ನೇ ನೋಡುತ್ತಾರೆಂದು ಅದಕ್ಕೂ ಗೊತ್ತಿತ್ತು.

ಮಾಲೀಕರು ನೀರು ಕೇಳಿದರು. ಚಿಕ್ಕಮ್ಮ ತಂದ ಲೋಟವನ್ನು ಅವರಿಗೆ ಕೊಡದೆ ತಾನೇ ಕುಡಿದಳು.

ಜೂನ್ 30, ಸೋಮವಾರ

ಮೊಬೈಲಣ್ಣನ ಅಂಗಡಿಗೆ ಹೋಗಿ ಆಗಷ್ಟೇ ಪೆಟ್ಟಿಗೆಯಿಂದ ತೆಗೆದ ಲ್ಯಾಪ್‌ಟಾಪ್ ಒಂದನ್ನು ಮಧ್ಯಾಹ್ನದ ಮಟ್ಟಿಗೆ ಕೊಡು ಎಂದೆ. ನಾಲ್ಕೈದು ಜನ ನಿಂತಿದ್ದರು. "ಯಾಕೆ, ನಿಮ್ಮದನ್ನ ಆಫ್ ಮಾಡಿ ಆನ್ ಮಾಡಿದ್ರಾ?" ಅಂದ. "ಅದನ್ನ ಆಫ್ ಮಾಡಿದೀನಿ. ಇನ್ನು ಆನ್ ಮಾಡಲ್ಲ" ಎಂದೆ. ಕೊಟ್ಟ.

ಅದೇ ಮೇಜು, ಅದೇ ಮೂವರು. ವಿಳಾಸ ಹಾಕಿದೆ. ಡಬ್ಬಿಯ ಪರದೆಯಿಂದ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದಿದೆ. ಮಾಲೀಕರು ಬೆರಳಿಟ್ಟುಕೊಂಡು ಒಂದೊಂದಕ್ಕೂ "ಹೂಂ" ಅಂದರು. ಮುಗಿದ ಮೇಲೆ ಇನ್ನೊಂದು ಸಲ ಓದಿದೆ. ಅವರು ಆಕಳಿಸಿದರೂ ಬಿಡಲಿಲ್ಲ. ಬೀದಿಯ ಸದ್ದಿಗೆ ಕೇಳುವುದಿಲ್ಲವೆಂದು ಗಟ್ಟಿಯಾಗಿಯೇ ಓದಿದೆ.

"ಒತ್ಲಾ?" ಚಿಕ್ಕಮ್ಮ ಅವರನ್ನು ಕೇಳಲಿಲ್ಲ, ನನ್ನನ್ನು ಕೇಳಿದಳು.

"ಒತ್ತು."

ಒತ್ತಿದಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮಾಲೀಕರ ಫೋನ್ ಸದ್ದು ಮಾಡಿತು. ಅವರು ಅದನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು, ಮತ್ತೆ ಹತ್ತಿರ ಹಿಡಿದು ನೋಡಿದರು. "ಬಂತು" ಅಂದರು. ಪಕ್ಕದಿಂದ ಬೇಕರಿಯವರು ಯಾವುದೋ ಪಾತ್ರೆ ಕೆಡವಿದ ಸದ್ದಾಯಿತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲದೆ ಇರಬಹುದು.

ಚಿಕ್ಕಮ್ಮ ಎದ್ದು ಅಂಗಡಿಯ ಗೋಡೆಗೆ ಅಂಗೈ ಊರಿ ನಿಂತಳು. ಅಂಗೈ ನೋಡಿಕೊಂಡು "ಸುಣ್ಣ ಉದುರ್ತಿದೆ. ಇನ್ಮೇಲೆ ಇದೂ ನನ್ನ ತಲೇನೋವೇ" ಅಂದಳು.

ಮಾಲೀಕರು ಪತ್ರಗಳ ಕೆಲಸಕ್ಕೆ ನಾಳೆ ಬರುತ್ತೇನೆಂದು ಹೊರಟರು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ಚಿಕ್ಕಮ್ಮನನ್ನು ಕೇಳಿದ್ದು ನನಗೆ ಕೇಳಿಸಿತು.

"ನಿಮ್ಮ ಅಕ್ಕನ ಮಗಳು ಏನು ಮಾಡ್ಕೊಂಡಿದಾಳೆ?"

"ಓದ್ತಾಳೆ."

"ಓದು ಸರಿ, ಕೆಲಸ?"

"ಅದೇ ಹೇಳಿದ್ನಲ್ಲ ಸಾರ್. ಓದ್ತಾಳೆ."

ನನ್ನ ಕಿವಿ ಬಿಸಿಯಾಯಿತು. ನನಗಿನ್ನೂ ಕೆಲಸ ಸಿಕ್ಕಿಲ್ಲ ಎಂಬುದನ್ನು ಚಿಕ್ಕಮ್ಮ ಹೀಗೆ ಮುಚ್ಚಬೇಕಾಯಿತಲ್ಲ! ಅವರು ಏನಂದುಕೊಂಡರೋ ಏನೋ. ಇದನ್ನೇ ಯೋಚಿಸುತ್ತಿರುವಾಗ ಒಬ್ಬ ಗಿರಾಕಿ ಬಂದು ಬಾಗಿಲಲ್ಲೇ ಹಿಂದೆ ಮುಂದೆ ನೋಡುತ್ತ ನಿಂತ. ಚಿಕ್ಕಮ್ಮ ಇನ್ನೂ ಗೋಡೆಯ ಸುಣ್ಣ ನೋಡುತ್ತಿದ್ದಳು. ನಾನೇ ಎದ್ದು ಹೋಗಿ, "ಒಳಗೆ ಬನ್ನಿ, ಏನಾಗಬೇಕಿತ್ತು?" ಎಂದು ಕೇಳಿದೆ.